ದುಡಿಮೆಯನ್ನು ಕೂಡಿಡಲಾಗದು: ಮುಪ್ಪಿನತ್ತ ಸಾಗುವ ಕರ್ನಾಟಕದ ಅರ್ಥವ್ಯವಸ್ಥೆ



ಜನಸಂಖ್ಯೆಯ ಮಾತು ಬಂದಾಗ ನಮ್ಮಲ್ಲಿ ಮೂರು ತಲೆಮಾರುಗಳ ಕಾಲ ಕೇಳಿಬಂದದ್ದು ಒಂದೇ ಚಿಂತೆ. ಜನ ಹೆಚ್ಚಾದರು, ಅನ್ನ ಸಾಲದು ಎಂಬುದು ಆ ಚಿಂತೆ. ಅದಕ್ಕೆ ಕಾರಣವೂ ಇತ್ತು. 1930ರಲ್ಲೇ ಮೈಸೂರು ಸಂಸ್ಥಾನವು ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲಿ ಇಂಥ ಕೆಲಸಕ್ಕೆ ಮೊದಲು ಕೈಹಾಕಿದ ಸರ್ಕಾರಗಳ ಸಾಲಿನಲ್ಲಿ ಮೈಸೂರು ನಿಲ್ಲುತ್ತದೆ. 1950ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಜೊತೆಗೂಡಿ ನಡೆಸಿದ ಪ್ರಸಿದ್ಧ ಜನಸಂಖ್ಯಾ ಅಧ್ಯಯನಕ್ಕೂ ಮೈಸೂರೇ ಕ್ಷೇತ್ರವಾಯಿತು. ಜನಸಂಖ್ಯೆಯ ಏರಿಕೆಯನ್ನು ಇಷ್ಟು ಬೇಗ ಪ್ರಶ್ನೆಯಾಗಿ ಎತ್ತಿಕೊಂಡ ನಾಡು, ಈಗ ಅದರ ಮುಂದಿನ ಪ್ರಶ್ನೆಯನ್ನೂ ಬೇಗ ಎತ್ತಿಕೊಳ್ಳಬೇಕಾಗಿದೆ.

ಆ ಮುಂದಿನ ಪ್ರಶ್ನೆ ಇದು: ಹುಟ್ಟುವವರು ಕಡಿಮೆಯಾಗಿ, ಬದುಕಿ ಬಾಳುವವರ ಆಯುಸ್ಸು ಹೆಚ್ಚಾದಾಗ ನಾಡಿನ ದುಡಿಮೆ, ಉಳಿತಾಯ ಮತ್ತು ಆರೈಕೆಯ ವ್ಯವಸ್ಥೆ ಹೇಗಿರಬೇಕು? ಇದನ್ನು ಭಯದ ಭಾಷೆಯಲ್ಲಿ ಚರ್ಚಿಸುವುದು ತಪ್ಪು. ಸ್ವಾತಂತ್ರ್ಯದ ಹೊತ್ತಿಗೆ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. ಲಸಿಕೆ, ಕುಡಿಯುವ ನೀರು, ಹೆರಿಗೆ ಆಸ್ಪತ್ರೆ, ಪಡಿತರ ಇವೆಲ್ಲ ಕೂಡಿ ಗಳಿಸಿಕೊಟ್ಟ ಆಯುಸ್ಸನ್ನು ‘ಹೊರೆ’ ಎಂದು ಕರೆಯುವುದು ನಾವೇ ಗಳಿಸಿದ್ದನ್ನು ನಾವೇ ಹಳಿದಂತೆ. ಆದರೆ ಆ ಗಳಿಕೆಯನ್ನು ಉಳಿಸಿಕೊಳ್ಳಲು ಸಿದ್ಧತೆ ಬೇಕು. ಆ ಸಿದ್ಧತೆಯ ಸ್ವರೂಪವೇ ಇಂದಿನ ಉಪನ್ಯಾಸದ ವಸ್ತು.

ಒಂದು: ಸಮಾಜಕ್ಕೆ ವಯಸ್ಸಾಗುವುದು ಹೇಗೆ

ಒಂದು ತಲೆಮಾರು ತನ್ನಷ್ಟೇ ದೊಡ್ಡದಾದ ಮುಂದಿನ ತಲೆಮಾರನ್ನು ಬಿಟ್ಟುಹೋಗಬೇಕಾದರೆ ಪ್ರತಿ ಮಹಿಳೆಗೆ ಸರಾಸರಿ 2.1 ಮಕ್ಕಳಿರಬೇಕು ಎಂಬುದು ಜನಸಂಖ್ಯಾಶಾಸ್ತ್ರದ ಲೆಕ್ಕ. 2019-21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದ ಒಟ್ಟು ಫಲವತ್ತತೆ ದರ 2.0 ಮತ್ತು ಕರ್ನಾಟಕದ್ದು 1.7. ಬಿಹಾರದಲ್ಲಿ ಅದೇ ದರ 3.0. ಅಂದರೆ ಒಂದೇ ಗಣರಾಜ್ಯದೊಳಗೆ ವಯಸ್ಸಾಗುತ್ತಿರುವ ನಾಡುಗಳೂ ಹರೆಯದ ನಾಡುಗಳೂ ಒಟ್ಟಿಗಿವೆ. ಈ ಸಂಗತಿಗೆ ನನ್ನ ವಾದದಲ್ಲಿ ಮಹತ್ವದ ಸ್ಥಾನವಿದೆ. ಮುಂದೆ ಅದಕ್ಕೆ ಮರಳುತ್ತೇನೆ.

ಫಲವತ್ತತೆ 2.1ರ ಈ ಬದಲಿ ಮಟ್ಟಕ್ಕಿಂತ ಕೆಳಗಿಳಿದ ಕೂಡಲೇ ಜನಸಂಖ್ಯೆ ಕುಗ್ಗುವುದಿಲ್ಲ. ಹಿಂದಿನ ದಶಕಗಳಲ್ಲಿ ಹುಟ್ಟಿದ ದೊಡ್ಡ ತಲೆಮಾರು ಇನ್ನೂ ಹೆರುವ ವಯಸ್ಸಿನಲ್ಲಿರುವುದರಿಂದ ಏರಿಕೆ ಕೆಲವು ಕಾಲ ಮುಂದುವರಿಯುತ್ತದೆ. ಭಾರತದ ಜನಸಂಖ್ಯೆ 2060ರ ದಶಕದ ಆರಂಭದಲ್ಲಿ ತುದಿ ಮುಟ್ಟಿ ಇಳಿಯತೊಡಗುವುದೆಂದು ವಿಶ್ವಸಂಸ್ಥೆಯ ಇತ್ತೀಚಿನ ಅಂದಾಜು ಹೇಳುತ್ತದೆ. ವಯಸ್ಸಾಗುವಿಕೆ ಮಾತ್ರ ಕುಗ್ಗುವಿಕೆಗಾಗಿ ಕಾಯುವುದಿಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ 6.11 ಕೋಟಿ ಜನರಲ್ಲಿ 60 ದಾಟಿದವರು ಶೇ. 9.5ರಷ್ಟಿದ್ದರು. ಮುಂದಿನ ಜನಸಂಖ್ಯೆಯನ್ನು ಲೆಕ್ಕಹಾಕಲು ಕೇಂದ್ರ ನೇಮಿಸಿದ ತಾಂತ್ರಿಕ ಸಮಿತಿಯ ಅಂದಾಜಿನಂತೆ 2021ಕ್ಕೆ ಅದು ಶೇ. 11 ದಾಟಿದೆ. 2031ರ ಹೊತ್ತಿಗೆ ಶೇ. 15ರ ಆಸುಪಾಸಿಗೆ ಬರಲಿದೆ.

ರಾಜ್ಯದ ಸರಾಸರಿಯೊಳಗೆ ಜಿಲ್ಲೆಗಳ ಕಥೆ ಬೇರೆ ಬೇರೆ. 2001 ಮತ್ತು 2011ರ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಹತ್ತು ವರ್ಷಗಳಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11.41 ಲಕ್ಷದಿಂದ 11.38 ಲಕ್ಷಕ್ಕೆ ಇಳಿಯಿತು. ಕೊಡಗು, ಹಾಸನ, ಮಂಡ್ಯ ಜಿಲ್ಲೆಗಳಲ್ಲಿಯೂ ಬೆಳವಣಿಗೆ ಅತ್ಯಲ್ಪ. ಕುಗ್ಗುವಿಕೆ ನಮಗೆ ದೂರದ ಜಪಾನಿನ ಸುದ್ದಿಯೆಂದು ತಿಳಿದವರು ಮಲೆನಾಡಿನ ಜನಗಣತಿಯ ಪುಟಗಳನ್ನು ತೆರೆಯಬೇಕು. ಅಲ್ಲಿ ಅಡಿಕೆ ಕೊನೆ ಇಳಿಸುವ ಕೊನೆಗಾರ ಸಿಗುವುದು ಕಷ್ಟವಾಗಿ ನೆಲದಲ್ಲೇ ನಿಂತು ಕೊಯ್ಯುವ ದೋಟಿಗಳು ಬಂದಿವೆ. ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಕೂಲಿಯವರು ಬರುತ್ತಿದ್ದಾರೆ. ಮಕ್ಕಳ ಸಂಖ್ಯೆ ಸಾಲದೆ ಸರ್ಕಾರಿ ಶಾಲೆಗಳು ಒಂದರೊಳಗೊಂದು ವಿಲೀನವಾಗುತ್ತಿವೆ. ಇವು ಮೂರೂ ಒಂದೇ ಬದಲಾವಣೆಯ ಮುಖಗಳು.

ಎರಡು: ಅರ್ಥಶಾಸ್ತ್ರ ಏನು ಹೇಳಿದೆ

1798ರಲ್ಲಿ ಮಾಲ್ಥಸ್ ಜನಸಂಖ್ಯೆಯ ಏರಿಕೆಯ ಬಗ್ಗೆ ಎತ್ತಿದ ಆತಂಕ ಎಲ್ಲರಿಗೂ ಗೊತ್ತು. ಇಳಿಕೆಯ ಬಗ್ಗೆಯೂ ಅರ್ಥಶಾಸ್ತ್ರ ಬಹಳ ಹಿಂದೆಯೇ ಯೋಚಿಸಿತ್ತು ಎಂಬುದು ಅಷ್ಟು ಪ್ರಚಾರದಲ್ಲಿಲ್ಲ. 1934ರಲ್ಲಿ ಸ್ವೀಡನ್ನಿನ ಆಲ್ವಾ ಮತ್ತು ಗುನ್ನಾರ್ ಮಿರ್ಡಾಲ್ ದಂಪತಿ ಜನಸಂಖ್ಯಾ ಪ್ರಶ್ನೆಯ ಬಿಕ್ಕಟ್ಟಿನ ಕುರಿತು ಪುಸ್ತಕ ಬರೆದರು. ಜನನ ಕಡಿಮೆಯಾಗುವುದಕ್ಕೆ ಹೆಂಗಸರನ್ನು ದೂರದೆ, ಮಕ್ಕಳನ್ನು ಬೆಳೆಸುವ ಖರ್ಚನ್ನು ಸಮಾಜ ಹಂಚಿಕೊಳ್ಳಬೇಕೆಂದು ಅವರು ವಾದಿಸಿದರು. 1937ರಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಜನಸಂಖ್ಯೆಯ ಇಳಿಕೆಯ ಆರ್ಥಿಕ ಪರಿಣಾಮಗಳ ಕುರಿತೇ ಉಪನ್ಯಾಸ ಕೊಟ್ಟರು. ಜನ ಹೆಚ್ಚುತ್ತಿದ್ದಾಗ ಹೊಸ ಮನೆ, ಹೊಸ ಕಾರ್ಖಾನೆಗಳಿಗೆ ತಾನಾಗಿ ಬೇಡಿಕೆ ಇರುತ್ತದೆ. ಜನ ಇಳಿದಾಗ ಆ ಬೇಡಿಕೆ ಕುಸಿದು ನಿರುದ್ಯೋಗ ತಲೆಯೆತ್ತಬಹುದು. ಅದನ್ನು ತಡೆಯಲು ವರಮಾನದ ಹಂಚಿಕೆ ಹೆಚ್ಚು ಸಮಾನವಾಗಬೇಕು, ಬಡ್ಡಿದರ ತಗ್ಗಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು.

ಇಂದಿನ ಅರ್ಥಶಾಸ್ತ್ರಜ್ಞರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಇಳಿವಯಸ್ಸಿನ ಸಮಾಜದಲ್ಲಿ ಬೇಡಿಕೆ ಮಂಕಾಗಿ ಬೆಲೆಗಳೂ ಬಡ್ಡಿಯೂ ಇಳಿಯುತ್ತವೆ ಎಂದು ಜಪಾನಿನ ಅನುಭವವನ್ನು ಮುಂದಿಟ್ಟು ಕೆಲವರು ಹೇಳುತ್ತಾರೆ. ದುಡಿಯುವವರು ಕಡಿಮೆಯಾಗಿ ಉಣ್ಣುವವರು ಹಾಗೇ ಉಳಿದರೆ ಕೂಲಿ ಮತ್ತು ಬೆಲೆಗಳು ಏರುತ್ತವೆ ಎಂದು 2020ರಲ್ಲಿ ಚಾರ್ಲ್ಸ್ ಗುಡ್‌ಹಾರ್ಟ್ ಮತ್ತು ಮನೋಜ್ ಪ್ರಧಾನ್ ವಾದಿಸಿದರು. ಈ ವಿವಾದ ಇನ್ನೂ ತೀರ್ಮಾನವಾಗಿಲ್ಲ. ಎರಡು ಪಕ್ಷಗಳೂ ಒಪ್ಪುವ ತತ್ವವೊಂದಿದೆ. ನನ್ನ ಇಡೀ ವಾದ ನಿಂತಿರುವುದು ಅದರ ಮೇಲೆ.

ಹಣವನ್ನು ಕೂಡಿಡಬಹುದು, ದುಡಿಮೆಯನ್ನು ಕೂಡಿಡಲಾಗದು. 2045ರಲ್ಲಿ 80 ವರ್ಷದ ಒಬ್ಬ ಅಜ್ಜಿಗೆ ಬೇಕಾಗುವ ಊಟ, ಮದ್ದು, ಸ್ನಾನಕ್ಕೆ ಹಿಡಿಯುವ ಕೈ ಇವೆಲ್ಲ 2045ರಲ್ಲಿ ದುಡಿಯುತ್ತಿರುವವರಿಂದಲೇ ಬರಬೇಕು. ಅವರ ಬ್ಯಾಂಕಿನಲ್ಲಿರುವ ಠೇವಣಿ ಆ ದಿನದ ದುಡಿಮೆಯ ಮೇಲೆ ಅವರಿಗಿರುವ ಹಕ್ಕಿನ ಚೀಟಿ ಮಾತ್ರ. ಹಕ್ಕು ಸಾಧಿಸುವವರು ಹೆಚ್ಚಿ ದುಡಿಮೆ ಹೆಚ್ಚದಿದ್ದರೆ, ಬೆಲೆ ಏರಿ ಆ ಚೀಟಿಯ ಬೆಲೆ ಇಳಿಯುತ್ತದೆ. ಸರ್ಕಾರ ತೆರಿಗೆಯಿಂದ ಕೊಡುವ ಪಿಂಚಣಿಗೂ ನೌಕರ ತಾನೇ ಕಟ್ಟಿದ ನಿಧಿಯ ಪಿಂಚಣಿಗೂ ಈ ದೃಷ್ಟಿಯಲ್ಲಿ ಭೇದವಿಲ್ಲ. ಎರಡೂ ನಾಳಿನ ಉತ್ಪನ್ನದಲ್ಲಿ ಪಾಲು ಕೇಳುವ ಬೇರೆ ಬೇರೆ ವಿಧಾನಗಳು. ಉಳಿತಾಯಕ್ಕೆ ಬೆಲೆ ಬರುವುದು ಅದು ನಾಳಿನ ಉತ್ಪಾದಕ ಶಕ್ತಿಯಾಗಿ, ಅಂದರೆ ಯಂತ್ರವಾಗಿ, ನೀರಾವರಿಯಾಗಿ, ವಿದ್ಯೆಯಾಗಿ, ಆರೋಗ್ಯವಂತ ಮಗುವಾಗಿ ಮಾರ್ಪಟ್ಟಾಗ.

ಈ ತತ್ವದಿಂದ ಮೂರು ದಾರಿಗಳು ಹೊರಡುತ್ತವೆ. ಇರುವ ಜನರಲ್ಲಿ ಹೆಚ್ಚು ಮಂದಿ ದುಡಿಯುವಂತಾಗಬೇಕು. ಒಬ್ಬೊಬ್ಬರ ದುಡಿಮೆಯ ಫಲ ಹೆಚ್ಚಬೇಕು. ಹಾಗೆ ಬಂದದ್ದು ವಯಸ್ಸುಗಳ ನಡುವೆ ನ್ಯಾಯವಾಗಿ ಹಂಚಿಕೆಯಾಗಬೇಕು. ಜನಸಂಖ್ಯೆಯ ಕುರಿತ ಯಾವ ನೀತಿಯನ್ನಾದರೂ ಈ ಮೂರರಲ್ಲಿ ಯಾವುದಕ್ಕೆ ಅದು ಸಹಾಯ ಮಾಡುತ್ತದೆಂದು ಕೇಳಿ ಅಳೆಯಬಹುದು.

ಮೂರು: ಪೂರ್ವ ಏಷ್ಯಾದ ಅನುಭವ

ಜಪಾನಿನ ಜನಸಂಖ್ಯೆ 2008ರ ಸುಮಾರಿಗೆ 12.8 ಕೋಟಿಯ ತುದಿ ಮುಟ್ಟಿ ಅಲ್ಲಿಂದ ಇಳಿಯುತ್ತಿದೆ. ಅಲ್ಲಿ ಹತ್ತರಲ್ಲಿ ಸುಮಾರು ಮೂವರು 65 ದಾಟಿದವರು. 2023ರ ಸಮೀಕ್ಷೆಯಲ್ಲಿ ಸುಮಾರು 90 ಲಕ್ಷ ಮನೆಗಳು ಖಾಲಿ ಇದ್ದವು. ಸರ್ಕಾರದ ಸಾಲ ರಾಷ್ಟ್ರೀಯ ಉತ್ಪನ್ನದ ಎರಡು ಪಟ್ಟಿಗೂ ಹೆಚ್ಚು. ಏರುವ ಸಾಮಾಜಿಕ ಭದ್ರತೆಯ ಖರ್ಚಿಗೆಂದು 1989ರಲ್ಲಿ ಶೇ. 3 ಇದ್ದ ಬಳಕೆ ತೆರಿಗೆಯನ್ನು ಹಂತಹಂತವಾಗಿ ಏರಿಸಿ 2019ರಲ್ಲಿ ಶೇ. 10ಕ್ಕೆ ತಂದರು. ಇಷ್ಟನ್ನೇ ನೋಡಿದರೆ ಜಪಾನು ಸೋಲಿನ ಉದಾಹರಣೆಯಾಗಿ ಕಾಣುತ್ತದೆ.

ಅದೇ ದೇಶದ ಇನ್ನೊಂದು ಲೆಕ್ಕವನ್ನೂ ತಾವು ಗಮನಿಸಬೇಕು. ದುಡಿಯುವ ವಯಸ್ಸಿನವರ ಸಂಖ್ಯೆ 1995ರಲ್ಲಿ ಸುಮಾರು 8.7 ಕೋಟಿ ಇದ್ದದ್ದು ಈಗ 7.4 ಕೋಟಿಯ ಆಸುಪಾಸಿಗೆ ಇಳಿದಿದೆ. ಆದರೆ ಕೆಲಸದಲ್ಲಿರುವವರ ಒಟ್ಟು ಸಂಖ್ಯೆ ಅಂದಿಗಿಂತ ಇಂದು ಹೆಚ್ಚು. ಮಹಿಳೆಯರು ದೊಡ್ಡ ಪ್ರಮಾಣದಲ್ಲಿ ಕೆಲಸಕ್ಕೆ ಬಂದರು. 65 ದಾಟಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ದುಡಿಯುತ್ತಿದ್ದಾರೆ. ಈ ಕೆಲಸಗಳಲ್ಲಿ ಬಹಳಷ್ಟು ಅರೆಕಾಲಿಕ, ಕಡಿಮೆ ಸಂಬಳದವು ಎಂಬ ಕೊರತೆ ನಿಜ. ಆದರೂ ವಯಸ್ಸಿನ ಅಂಕಿಗಳಷ್ಟನ್ನೇ ಇಟ್ಟುಕೊಂಡು ದುಡಿಯುವವರ ಸಂಖ್ಯೆಯನ್ನು ಭವಿಷ್ಯ ನುಡಿಯಲಾಗದು ಎಂಬುದನ್ನು ಜಪಾನು ತೋರಿಸಿಕೊಟ್ಟಿದೆ. ಸಮಾಜ ಯಾರನ್ನು ಹೊರಗಿಟ್ಟಿತ್ತೋ ಅವರನ್ನು ಒಳಗೆ ಕರೆದಾಗ ಲೆಕ್ಕವೇ ಬದಲಾಗುತ್ತದೆ.

ಜಪಾನಿನ ಎರಡನೆಯ ಕೊಡುಗೆ ಆರೈಕೆಯ ವಿಮೆ. 2000ದಿಂದ ಅಲ್ಲಿ 40 ತುಂಬಿದ ಪ್ರತಿಯೊಬ್ಬರೂ ದೀರ್ಘಕಾಲದ ಆರೈಕೆಗಾಗಿ ಕಂತು ಕಟ್ಟುತ್ತಾರೆ. ಖರ್ಚಿನ ಅರ್ಧ ಕಂತಿನಿಂದ, ಅರ್ಧ ತೆರಿಗೆಯಿಂದ ಬರುತ್ತದೆ. ವ್ಯವಸ್ಥೆಯನ್ನು ನಡೆಸುವುದು ಸ್ಥಳೀಯ ಪುರಸಭೆಗಳು. ಅದಕ್ಕೆ ಮೊದಲು ಹಾಸಿಗೆ ಹಿಡಿದ ಅತ್ತೆ ಮಾವಂದಿರ ಆರೈಕೆ ಸೊಸೆಯಂದಿರ ಪಾಲಿನ ಕರ್ತವ್ಯವೆಂದೇ ನಡೆದುಬಂದಿತ್ತು. ಅದನ್ನು ಸಮಾಜದ ಹಂಚಿಕೆಯ ಹೊಣೆಯೆಂದು ಕಾನೂನು ಒಪ್ಪಿಕೊಂಡದ್ದು ದೊಡ್ಡ ಹೆಜ್ಜೆ.

ದಕ್ಷಿಣ ಕೊರಿಯಾದ ಪಾಠ ಇನ್ನೊಂದು ಬಗೆಯದು. 2023ರಲ್ಲಿ ಅಲ್ಲಿನ ಫಲವತ್ತತೆ ದರ 0.72ಕ್ಕೆ ಇಳಿಯಿತು. ಮರುವರ್ಷ ಕೊಂಚ ಚೇತರಿಸಿ 0.75ಕ್ಕೆ ಬಂತು. ಅಲ್ಲಿಯ ಸರ್ಕಾರ ಸುಮಾರು ಎರಡು ದಶಕಗಳಿಂದ ಜನನ ಹೆಚ್ಚಿಸಲು ಅಪಾರ ಹಣ ಸುರಿದಿದೆ. ಆದರೂ 2023ರತನಕ ಇಳಿಕೆ ನಿಲ್ಲಲಿಲ್ಲ. ದೀರ್ಘ ಕೆಲಸದ ದಿನ, ಮನೆಯ ಬೆಲೆ, ಮಕ್ಕಳ ಟ್ಯೂಷನ್ನಿನ ಖರ್ಚು, ಹೆರಿಗೆಯ ನಂತರ ಮಹಿಳೆಯರಿಗೆ ಮುಚ್ಚುವ ಬಾಗಿಲು ಇವು ಹಾಗೇ ಉಳಿದವು. ಗಂಡಸರ ಮತ್ತು ಹೆಂಗಸರ ಸಂಬಳದ ಅಂತರ ಮುಂದುವರಿದ ದೇಶಗಳಲ್ಲೇ ಅಲ್ಲಿ ಅತಿ ಹೆಚ್ಚು. ಅಲ್ಲಿಯ ವೃದ್ಧರಲ್ಲಿ ಬಡತನವೂ ಆ ದೇಶಗಳಲ್ಲೇ ಅತಿ ಹೆಚ್ಚು, ಏಕೆಂದರೆ ದೇಶ ಶ್ರೀಮಂತವಾದ ವೇಗಕ್ಕೆ ಪಿಂಚಣಿ ವ್ಯವಸ್ಥೆ ಬೆಳೆಯಲಿಲ್ಲ. ಬದುಕಿನ ಕಟ್ಟಳೆಗಳನ್ನು ಮುಟ್ಟದೆ ನಗದು ಕೊಟ್ಟರೆ ಮಕ್ಕಳು ಹುಟ್ಟುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಾಲ್ಕು: ನಮ್ಮ ದಾರಿಯ ವಿಶೇಷ

ಈ ಪಾಠಗಳನ್ನು ನಾವು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ಕರ್ನಾಟಕ ಮೂರು ವಿಷಯಗಳಲ್ಲಿ ಬೇರೆಯಾಗಿದೆ.

ಮೊದಲನೆಯದು ಸಮಯ. 65 ದಾಟಿದವರ ಪಾಲು ಶೇ. 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಜಪಾನಿಗೆ 1970ರಿಂದ 1994ರವರೆಗೆ 24 ವರ್ಷ ಸಾಕಾಯಿತು. ನಮ್ಮ ವೇಗ ಜಪಾನಿನ ವೇಗಕ್ಕೆ ಹತ್ತಿರ. ಆದರೆ ಆ ಹೊತ್ತಿಗೆ ಜಪಾನಿನಲ್ಲಿದ್ದ ವರಮಾನ, ಸಂಘಟಿತ ಉದ್ಯೋಗ, ವಿಮೆ ನಮ್ಮಲ್ಲಿಲ್ಲ. ಭಾರತದ ದುಡಿಯುವವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿ ಅಸಂಘಟಿತ ವಲಯದವರು. ಅವರಿಗೆ ನಿವೃತ್ತಿ ಎಂಬುದೇ ಇಲ್ಲ. ದೇಹ ಸೋಲುವತನಕ ಕೂಲಿ, ಸೋತ ಮೇಲೆ ಮಕ್ಕಳ ಆಶ್ರಯ.

ಎರಡನೆಯದು ನಮ್ಮ ಸಣ್ಣ ಕುಟುಂಬ ಬಂದ ದಾರಿ. ಜಪಾನು, ಕೊರಿಯಾಗಳಲ್ಲಿ ಹುಡುಗಿಯರು ಓದಿ, ಉದ್ಯೋಗ ಹಿಡಿದು, ತಡವಾಗಿ ಮದುವೆಯಾಗಿ ಅಥವಾ ಆಗದೆ ಜನನ ಇಳಿಯಿತು. ಕರ್ನಾಟಕದಲ್ಲಿ ಬಹುಪಾಲು ನಡೆದದ್ದು ಬೇಗ ಮದುವೆ, ಬೇಗ ಹೆರಿಗೆ, ಬೇಗ ಶಸ್ತ್ರಚಿಕಿತ್ಸೆ. ಅದೇ ಐದನೆಯ ಸಮೀಕ್ಷೆಯಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾಗಿದ್ದರು. ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡವರು. ಗಂಡಸರ ಪಾಲು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಜನಸಂಖ್ಯೆ ನಿಯಂತ್ರಣದ ಇಡೀ ಶ್ರಮವನ್ನು ನಮ್ಮ ತಾಯಂದಿರು ತಮ್ಮ ದೇಹದ ಮೇಲೆ ಹೊತ್ತರು. ಅದಕ್ಕೆ ಪ್ರತಿಯಾಗಿ ಅವರಿಗೆ ಓದು ಮತ್ತು ಉದ್ಯೋಗದ ಲಾಭ ದೊರೆಯಲಿಲ್ಲ. ಈ ಅನ್ಯಾಯದೊಳಗೆ ಒಂದು ಅವಕಾಶವೂ ಇದೆ. ಮೂವತ್ತರ ಹೊತ್ತಿಗೆ ಮಕ್ಕಳು ಶಾಲೆ ಸೇರಿರುವ ಲಕ್ಷಾಂತರ ಮಹಿಳೆಯರ ಮುಂದೆ ಇನ್ನೂ ಮೂರು ದಶಕಗಳ ದುಡಿಮೆಯ ಬದುಕಿದೆ. ಅವರಿಗೆ ತಕ್ಕ ಕೆಲಸ, ತಕ್ಕ ತರಬೇತಿಯನ್ನು ನಾವು ಒದಗಿಸಿಲ್ಲ.

ಮೂರನೆಯದು ನಾಡಿನೊಳಗಿನ ಅಸಮತೆ. ಕರಾವಳಿ ಮತ್ತು ಮಲೆನಾಡಿಗೆ ವಯಸ್ಸಾಗುತ್ತಿರುವಾಗ ಕಲ್ಯಾಣ ಕರ್ನಾಟಕದ ಯಾದಗಿರಿ, ರಾಯಚೂರು, ಕೊಪ್ಪಳದ ಕಡೆ ಮಕ್ಕಳ ಪಾಲು ಹೆಚ್ಚು. ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿಯ ಎತ್ತರ ವಯಸ್ಸಿಗೆ ತಕ್ಕಷ್ಟಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಶ್ರೋತೃಗಳೆ, ನನ್ನ ವಾದದ ತಿರುಳು ಇಲ್ಲಿದೆ. ಉಡುಪಿಯ, ಶಿವಮೊಗ್ಗದ, ಬೆಂಗಳೂರಿನ ಹಿರಿಯರ ನಾಳಿನ ಭದ್ರತೆ ಇಂದು ಯಾದಗಿರಿಯ ಅಂಗನವಾಡಿಯಲ್ಲಿ ತಟ್ಟೆ ಹಿಡಿದು ಕುಳಿತಿರುವ ಮಗುವಿನ ಪೋಷಣೆಯಲ್ಲಿದೆ. ಕಟ್ಟಡದ ಕೆಲಸಕ್ಕೆ ಬಂದ ಬಿಹಾರ, ಒಡಿಶಾದ ಕಾರ್ಮಿಕನ ಮಗುವಿನ ಶಾಲೆಯಲ್ಲಿಯೂ ಅದು ಇದೆ. 2045ರಲ್ಲಿ ದುಡಿಯುವ ಕೈಗಳು ಇವೇ. ಹಿಂದುಳಿದ ಪ್ರದೇಶದ ಅಭಿವೃದ್ಧಿಯನ್ನು ಇಷ್ಟು ದಿನ ನಾವು ನ್ಯಾಯದ ಹೆಸರಿನಲ್ಲಿ ಕೇಳಿದೆವು. ಇನ್ನು ಇಡೀ ನಾಡಿನ ಮುಪ್ಪಿನ ಭದ್ರತೆಯ ಹೆಸರಿನಲ್ಲಿಯೂ ಕೇಳಬೇಕು.

ಐದು: ನೀತಿಯ ದಾರಿಗಳು

ಮೊದಲು, ಇತ್ತೀಚೆಗೆ ಕೇಳಿಬರುತ್ತಿರುವ ಒಂದು ಪರಿಹಾರವನ್ನು ಪರಿಶೀಲಿಸೋಣ. ಹೆಚ್ಚು ಮಕ್ಕಳನ್ನು ಹೆರಬೇಕು ಎಂಬ ಮಾತು 2024ರಲ್ಲಿ ನೆರೆಯ ಆಂಧ್ರಪ್ರದೇಶ ಮತ್ತು ತಮಿಳುನಾಡಿನ ಮುಖ್ಯಮಂತ್ರಿಗಳಿಂದಲೇ ಬಂತು. ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಸ್ಥಳೀಯ ಚುನಾವಣೆಗೆ ನಿಲ್ಲಬಾರದೆಂಬ ನಿಯಮವನ್ನು ಆಂಧ್ರ ಆ ವರ್ಷ ಕೈಬಿಟ್ಟಿತು. ಆ ನಿಯಮ ಹೋದದ್ದು ಒಳ್ಳೆಯದು. ಎಷ್ಟು ಮಕ್ಕಳು ಎಂಬುದು ದಂಪತಿಗಳ, ಎಲ್ಲಕ್ಕಿಂತ ಮಿಗಿಲಾಗಿ ತಾಯಿಯ ತೀರ್ಮಾನ. ಆದರೆ ನಿನ್ನೆ ಆಪರೇಷನ್ ಮಾಡಿಸಿಕೊಳ್ಳಿ ಎಂದು ಗುರಿ ಕೊಟ್ಟ ಆಡಳಿತ, ನಾಳೆ ಹೆಚ್ಚು ಹೆರಿ ಎಂದು ಗುರಿ ಕೊಡುವುದು ನೈತಿಕವಾಗಿ ಸಲ್ಲದು. ಆರ್ಥಿಕವಾಗಿಯೂ ಅದರಿಂದ ಬೇಗ ಫಲವಿಲ್ಲ, ಇಂದು ಹುಟ್ಟಿದ ಮಗು ದುಡಿಮೆಗೆ ಬರಲು ಎರಡು ದಶಕ ಬೇಕು. ಮಗು ಬೇಕೆನ್ನುವವರಿಗೆ ಅದನ್ನು ಸಾಕುವ ಖರ್ಚೂ ಅದಕ್ಕೆ ತೆರಬೇಕಾದ ಉದ್ಯೋಗದ ಬೆಲೆಯೂ ಅಡ್ಡಿಯಾಗದಂತೆ ನೋಡಿಕೊಳ್ಳುವುದಷ್ಟೇ ಸರ್ಕಾರದ ಕೆಲಸ. ಮಿರ್ಡಾಲ್ ದಂಪತಿ ಹೇಳಿದ್ದೂ ಅದನ್ನೇ.

ಹಾಗಾದರೆ ಮೊದಲ ಆದ್ಯತೆ ಹುಟ್ಟಿದ ಮಕ್ಕಳಿಗೆ. ಮಕ್ಕಳ ಸಂಖ್ಯೆ ಕಡಿಮೆಯಾದಾಗ ಶಿಕ್ಷಣದ ಖರ್ಚನ್ನು ಕಡಿತಗೊಳಿಸಬಹುದೆಂಬ ಯೋಚನೆ ಆಡಳಿತಕ್ಕೆ ಸಹಜವಾಗಿ ಬರುತ್ತದೆ. ಇದು ಅಪಾಯಕಾರಿ. ಒಟ್ಟು ಖರ್ಚನ್ನು ಹಾಗೇ ಉಳಿಸಿಕೊಂಡು ಪ್ರತಿ ಮಗುವಿಗೆ ಸಿಗುವ ಪಾಲನ್ನು ಹೆಚ್ಚಿಸಿಕೊಳ್ಳಲು ಇದೇ ತಕ್ಕ ಕಾಲ. ಸಂವಿಧಾನದ 371ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಕೊಟ್ಟಿರುವ ವಿಶೇಷ ಸ್ಥಾನದ ಫಲವನ್ನು ರಸ್ತೆ, ಕಟ್ಟಡಗಳ ಲೆಕ್ಕದಲ್ಲಿ ಅಳೆಯುವುದರ ಜೊತೆಗೆ ಮಕ್ಕಳ ಎತ್ತರ, ತೂಕ ಮತ್ತು ಓದುವ ಶಕ್ತಿಯ ಲೆಕ್ಕದಲ್ಲಿಯೂ ಅಳೆಯಬೇಕು.

ಎರಡನೆಯ ಆದ್ಯತೆ ಮಹಿಳೆಯರ ದುಡಿಮೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು. ಅಂಥ ಕೆಲಸ ಮಾಡುವ ಗಂಡಸರು ಕೊಡುತ್ತಿದ್ದದ್ದು 97 ನಿಮಿಷ. ಮಹಿಳೆಯರು ದುಡಿಯುತ್ತಿಲ್ಲ ಎಂಬ ಮಾತೇ ತಪ್ಪೆಂದು ಈ ಅಂಕಿ ಹೇಳುತ್ತದೆ. ಅವರ ದುಡಿಮೆಗೆ ಕೂಲಿಯಿಲ್ಲ, ಅಷ್ಟೇ. ವೃದ್ಧರ ಸಂಖ್ಯೆ ಹೆಚ್ಚಿದಂತೆ ಮಹಿಳೆಯರ ಈ ನಿಮಿಷಗಳು ಇನ್ನೂ ಬೆಳೆಯುವ ಅಪಾಯವಿದೆ. ಹೀಗಾಗಿ ಆರೈಕೆಯ ವ್ಯವಸ್ಥೆಯಿಲ್ಲದೆ ಮಹಿಳೆಯರನ್ನು ಕೆಲಸಕ್ಕೆ ಕರೆಯುವುದು ಬರಿಯ ಬಾಯಿಮಾತು. ಉದ್ಯೋಗ ಖಾತರಿಯ ಕೂಲಿಕಾರ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ತೆರೆದ ‘ಕೂಸಿನ ಮನೆ’ ಸರಿಯಾದ ದಿಕ್ಕಿನ ಹೆಜ್ಜೆ. ಅದು ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ, ಪಟ್ಟಣದ ಮನೆಗೆಲಸದವರಿಗೆ, ತರಕಾರಿ ಮಾರುವವರಿಗೆ ಎಟಕುವಂತೆ ಬೆಳೆಯಬೇಕು.

ಮೂರನೆಯದು ಹಿರಿಯರ ದುಡಿಮೆ. 1889ರಲ್ಲಿ ಜರ್ಮನಿಯಲ್ಲಿ ಬಿಸ್ಮಾರ್ಕ್ ತಂದ ಮೊದಲ ಸಾರ್ವಜನಿಕ ಪಿಂಚಣಿಯ ವಯಸ್ಸು 70. ಬಹಳ ಜನ ಅಷ್ಟು ಕಾಲ ಬದುಕುತ್ತಲೇ ಇರಲಿಲ್ಲ. ಇಂದು ಜರ್ಮನಿ ನಿವೃತ್ತಿಯ ವಯಸ್ಸನ್ನು 67ರತ್ತ ಒಯ್ಯುತ್ತಿದೆ. ಚೀನಾ 2025ರಿಂದ 15 ವರ್ಷಗಳಲ್ಲಿ ಹಂತಹಂತವಾಗಿ ಗಂಡಸರ ನಿವೃತ್ತಿಯನ್ನು 60ರಿಂದ 63ಕ್ಕೆ ಏರಿಸುತ್ತಿದೆ. ನಮ್ಮಲ್ಲಿ ಇದನ್ನು ಎಲ್ಲರಿಗೂ ಒಂದೇ ಅಳತೆಯಲ್ಲಿ ಅನ್ವಯಿಸಲಾಗದು. ಕಚೇರಿಯಲ್ಲಿ ಕುಳಿತು ಕೆಲಸ ಮಾಡಿದವರು, ಪಾಠ ಹೇಳಿದವರು 60ರ ನಂತರವೂ ಇಚ್ಛೆಯಿದ್ದರೆ ಅರೆಕಾಲಿಕವಾಗಿ ಸೇವೆ ಸಲ್ಲಿಸುವ ದಾರಿ ತೆರೆದಿರಲಿ. ಕಲ್ಲು ಒಡೆದವರು, ಇಟ್ಟಿಗೆ ಹೊತ್ತವರು, ಗದ್ದೆ ನಾಟಿ ಮಾಡಿದವರು 55ಕ್ಕೇ ದಣಿದಿರುತ್ತಾರೆ. ಅವರಿಗೆ ವಿಶ್ರಾಂತಿಯ ಹಕ್ಕು ಬೇಗ ಸಿಗಬೇಕು. ವಯಸ್ಸಿನ ಜೊತೆಗೆ ಕಸುಬನ್ನೂ ನೋಡುವ ನಿಯಮ ನ್ಯಾಯವಾದದ್ದು.

ನಾಲ್ಕನೆಯದು ಪಿಂಚಣಿ. ರಾಷ್ಟ್ರೀಯ ಸಾಮಾಜಿಕ ನೆರವು ಕಾರ್ಯಕ್ರಮದಲ್ಲಿ 80 ತುಂಬದ ಬಡ ವೃದ್ಧರಿಗೆ ಕೇಂದ್ರ ಕೊಡುವ ಪಾಲು ತಿಂಗಳಿಗೆ 200 ರೂಪಾಯಿ. 2006ರಲ್ಲಿ ನಿಗದಿಯಾದ ಈ ಮೊತ್ತ ಇಂದಿಗೂ ಬದಲಾಗಿಲ್ಲ. ಬೆಲೆಗಳು ಏರುತ್ತ ಬಂದಿರುವುದರಿಂದ ಅದು ವಾಸ್ತವದಲ್ಲಿ ವರ್ಷವರ್ಷವೂ ಕಡಿತವಾಗುತ್ತ ಬಂದಿದೆ. ಕರ್ನಾಟಕ ತನ್ನ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದ ಅರ್ಹರಿಗೆ ತಿಂಗಳಿಗೆ 1,200 ರೂಪಾಯಿ ಕೊಡುತ್ತಿದೆ. ಇದು ಉತ್ತಮ, ಆದರೆ ಬದುಕಿಗೆ ಸಾಲದು. ಎರಡು ಬದಲಾವಣೆಗಳು ತುರ್ತಾಗಿ ಬೇಕು. ಸರ್ಕಾರಿ ನೌಕರರ ತುಟ್ಟಿಭತ್ಯೆಯಂತೆ ಬಡ ವೃದ್ಧರ ಪಿಂಚಣಿಯೂ ಬೆಲೆ ಸೂಚ್ಯಂಕದೊಂದಿಗೆ ತಾನಾಗಿ ಏರಬೇಕು. ಗಂಡನಿಗಿಂತ ಹೆಚ್ಚು ಕಾಲ ಬದುಕುವ, ಸ್ವಂತ ಆಸ್ತಿ ಇಲ್ಲದ ವಿಧವೆಯರಿಗೆ ದಾಖಲೆಗಳ ತೊಡಕಿಲ್ಲದೆ ಅದು ತಲುಪಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಮೊದಲೇ ತಂದಿತು. ಅದು ನಿಜವಾಗಿ ಜಾರಿಯಾದರೆ ಮುಪ್ಪಿನ ಬಡತನಕ್ಕೆ ಅದೇ ದೊಡ್ಡ ಮದ್ದು.

ಐದನೆಯದು ಆರೈಕೆ. ತಂದೆತಾಯಿಗಳ ಪೋಷಣೆಯ ಕುರಿತ 2007ರ ಕಾಯ್ದೆ ಮಕ್ಕಳ ಮೇಲೆ ಹೊಣೆ ಹೊರಿಸುತ್ತದೆ. ಮಕ್ಕಳೇ ದೂರದಲ್ಲಿದ್ದರೆ, ತಾವೇ ಕಷ್ಟದಲ್ಲಿದ್ದರೆ ಕಾಯ್ದೆಯ ಕೈ ಎಷ್ಟು ದೂರ ಚಾಚೀತು? 70 ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತದಡಿ ಆಸ್ಪತ್ರೆಯ ವಿಮೆಯನ್ನು 2024ರಲ್ಲಿ ವಿಸ್ತರಿಸಿದ್ದು ಸ್ವಾಗತಾರ್ಹ. ಆದರೆ ಮುಪ್ಪಿನ ಹೆಚ್ಚಿನ ದಿನಗಳು ಕಳೆಯುವುದು ಮನೆಯಲ್ಲಿ, ಆಸ್ಪತ್ರೆಯ ಹೊರಗೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಹಿರಿಯರು ಹಗಲು ಕಳೆಯುವ, ಬಿಸಿಯೂಟ ಸಿಗುವ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ತಪಾಸಣೆ ನಡೆಯುವ ಒಂದು ತಾಣ ಬೇಕು. ಮನೆಗೆ ಬಂದು ನೋಡಿಕೊಳ್ಳುವ ತರಬೇತಾದ ಆರೈಕೆದಾರರು ಬೇಕು. ಅವರಿಗೆ ಗೌರವಧನದ ಬದಲು ನ್ಯಾಯವಾದ ಸಂಬಳ, ಭವಿಷ್ಯನಿಧಿ, ರಜೆ ಕೊಡಬೇಕು. ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರನ್ನು ಸ್ವಯಂಸೇವಕಿಯರೆಂದು ಕರೆದು ಅಲ್ಪ ಹಣಕ್ಕೆ ದುಡಿಸಿಕೊಂಡ ರೀತಿ ಇಲ್ಲಿ ಮರುಕಳಿಸಬಾರದು. ಈ ವೃತ್ತಿಯೇ ಮೂವತ್ತು ದಾಟಿದ ಸಹಸ್ರಾರು ಗ್ರಾಮೀಣ ಮಹಿಳೆಯರಿಗೆ ತಮ್ಮ ಊರಿನಲ್ಲೇ ಸಿಗುವ ಉದ್ಯೋಗವಾದೀತು. ಜಪಾನಿನ ಮಾದರಿಯ ಆರೈಕೆ ವಿಮೆಯನ್ನು ಸಂಘಟಿತ ವಲಯದಿಂದ ಆರಂಭಿಸುವ ಚರ್ಚೆಗೂ ಇದು ಸಕಾಲ.

ಆರನೆಯದು ವಲಸೆ. ವಯಸ್ಸಾಗುವ ನಾಡಿಗೆ ಹರೆಯದ ನಾಡಿನ ಜನ ಬಂದು ದುಡಿಯುವುದು ಇಬ್ಬರಿಗೂ ಹಿತ. ಆದರೆ ಬಂದವರನ್ನು ಶೆಡ್ಡುಗಳಲ್ಲಿ ಇಟ್ಟು, ಕೆಲಸ ಮುಗಿದೊಡನೆ ಮರೆಯುವುದು ಹಿತವಲ್ಲ. ಪಡಿತರ, ವಿಮೆ, ಪಿಂಚಣಿಯ ಖಾತೆಗಳು ಅವರ ಜೊತೆಯಲ್ಲೇ ಚಲಿಸಬೇಕು. ಅವರ ಮಕ್ಕಳು ನಮ್ಮ ಸರ್ಕಾರಿ ಶಾಲೆಗಳಲ್ಲಿ ಕನ್ನಡ ಕಲಿತು ಇಲ್ಲಿನವರಾಗಬೇಕು. ಮಕ್ಕಳಿಲ್ಲದೆ ಮುಚ್ಚುತ್ತಿರುವ ಶಾಲೆಗಳಿಗೂ ಕನ್ನಡದ ನಾಳೆಗೂ ಇದರಿಂದ ಒಳಿತು.

ಆರು: ಒಕ್ಕೂಟದ ನ್ಯಾಯ

ಇವೆಲ್ಲಕ್ಕೂ ಹಣ ಬೇಕು. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ ಹದಿನೈದನೆಯ ಹಣಕಾಸು ಆಯೋಗ 2011ರ ಜನಸಂಖ್ಯೆಯನ್ನು ಆಧಾರವಾಗಿಟ್ಟುಕೊಂಡಿತು. ಜನನ ಇಳಿಸಿದ ರಾಜ್ಯಗಳಿಗೆ ಸಮಾಧಾನವಾಗಿ ಜನಸಂಖ್ಯಾ ಸಾಧನೆಗೆ ಶೇ. 12.5 ತೂಕ ಕೊಟ್ಟಿತು. ಆದರೂ ಹಂಚಿಕೆಯ ಒಟ್ಟು ಸೂತ್ರದಲ್ಲಿ ಕೇಂದ್ರ ತೆರಿಗೆಯಲ್ಲಿನ ಕರ್ನಾಟಕದ ಪಾಲು ಶೇ. 4.71ರಿಂದ 3.65ಕ್ಕೆ ಇಳಿಯಿತು. ಲೋಕಸಭಾ ಸ್ಥಾನಗಳ ಮರುಹಂಚಿಕೆಯ ಬಗ್ಗೆಯೂ ಇಂಥದೇ ಆತಂಕವಿದೆ. ಈ ಅಸಮಾಧಾನ ನ್ಯಾಯವಾದದ್ದು. ರಾಷ್ಟ್ರೀಯ ಗುರಿಯನ್ನು ಸಾಧಿಸಿದ್ದಕ್ಕೆ ದಂಡ ತೆರಬೇಕಾದ ಸ್ಥಿತಿ ಒಕ್ಕೂಟಕ್ಕೆ ಶೋಭೆಯಲ್ಲ. ವಯಸ್ಸಾದವರ ಪಾಲನ್ನು ಹಂಚಿಕೆಯ ಒಂದು ಮಾನದಂಡವಾಗಿ ಸೇರಿಸಬೇಕೆಂದು ಕರ್ನಾಟಕ ಕೇಳಬೇಕು.

ಅದೇ ಹೊತ್ತಿನಲ್ಲಿ ನಮ್ಮ ವಾದದ ಇನ್ನೊಂದು ಬದಿಯನ್ನೂ ಪ್ರಾಮಾಣಿಕವಾಗಿ ಒಪ್ಪಬೇಕು. ಬಿಹಾರದ ಮಗುವಿನ ಶಾಲೆಗೆ ಹೋಗುವ ಹಣ ನಮಗೆ ನಷ್ಟವೆಂದು ಎಣಿಸಿದರೆ, ಎರಡು ದಶಕಗಳ ನಂತರ ಇಲ್ಲಿ ದುಡಿಯಲು ಬರುವ ಕೈಗಳನ್ನು ನಾವೇ ದುರ್ಬಲಗೊಳಿಸಿದಂತೆ. ನಮ್ಮ ಪಾಲನ್ನು ಕೇಳುವ ಹಕ್ಕು ಮತ್ತು ಹರೆಯದ ರಾಜ್ಯಗಳ ಮಕ್ಕಳ ಹಿತ, ಎರಡನ್ನೂ ಒಟ್ಟಿಗೆ ಎತ್ತಿಹಿಡಿಯುವ ವಾದವೇ ಗಟ್ಟಿಯಾದ ವಾದ.

ಏಳು: ಸಮಾರೋಪ

ಶ್ರೋತೃಗಳೆ, ಹೇಳಿದ್ದನ್ನು ಸಂಗ್ರಹಿಸುತ್ತೇನೆ. ದುಡಿಮೆಯನ್ನು ಕೂಡಿಡಲಾಗದು ಎಂಬ ಕಾರಣಕ್ಕೆ, ಮುಪ್ಪಿನ ಸಿದ್ಧತೆಯೆಂದರೆ ನಾಳೆ ದುಡಿಯುವವರನ್ನು ಇಂದು ಬೆಳೆಸುವುದು. ಇರುವ ಕೈಗಳಲ್ಲಿ ಒಂದನ್ನೂ ವ್ಯರ್ಥಮಾಡದಿರುವುದು ಅದರ ಮೊದಲ ನಿಯಮ. ಆರೈಕೆಯನ್ನು ಒಬ್ಬಳೇ ಸೊಸೆಯ ಅಥವಾ ಮಗಳ ಹೆಗಲಿನಿಂದ ಇಳಿಸಿ ಎಲ್ಲರ ಹೊಣೆಯಾಗಿಸುವುದು ಎರಡನೆಯ ನಿಯಮ. ಬಡವರ ಮುಪ್ಪಿಗೆ ಬೆಲೆಯೇರಿಕೆಯಲ್ಲಿ ಕರಗದ ಪಿಂಚಣಿ ಕೊಡುವುದು ಮೂರನೆಯದು.

ಇದನ್ನು ಜಾರಿಗೆ ತರಲು ಒಂದು ಸರಳ ಸಲಹೆಯಿದೆ. ಕರ್ನಾಟಕ ಸರ್ಕಾರ ತನ್ನ ಆಯವ್ಯಯದ ಜೊತೆಗೆ ಮಹಿಳೆಯರ ಮತ್ತು ಮಕ್ಕಳ ಕುರಿತ ಪ್ರತ್ಯೇಕ ಲೆಕ್ಕಗಳನ್ನು ಈಗಾಗಲೇ ಮಂಡಿಸುತ್ತಿದೆ. ಇವುಗಳ ಸಾಲಿಗೆ ಮೂರನೆಯದನ್ನು ಸೇರಿಸಲಿ. ಪ್ರತಿ ಜಿಲ್ಲೆಯಲ್ಲಿ ಹಿರಿಯರು ಎಷ್ಟು, ಅವರಲ್ಲಿ ಪಿಂಚಣಿ ಪಡೆಯುವವರೆಷ್ಟು, ತರಬೇತಾದ ಆರೈಕೆದಾರರೆಷ್ಟು, ಅದೇ ಜಿಲ್ಲೆಯ ಮಕ್ಕಳಲ್ಲಿ ಎತ್ತರ ಕುಗ್ಗಿದವರೆಷ್ಟು, ದುಡಿಯುವ ಮಹಿಳೆಯರೆಷ್ಟು ಎಂಬುದು ಒಂದೇ ಪುಟದಲ್ಲಿ ಬರಲಿ. ಹಿರಿಯರ ಅಂಕಿ ಮತ್ತು ಮಕ್ಕಳ ಅಂಕಿ ಅಕ್ಕಪಕ್ಕದಲ್ಲಿ ಕಂಡಾಗ ಅವುಗಳ ನಡುವಿನ ಸಂಬಂಧ ಶಾಸಕರಿಗೂ ನಾಗರಿಕರಿಗೂ ತಿಳಿಯುತ್ತದೆ. ಅವೆರಡಕ್ಕೂ ಒಟ್ಟಿಗೆ ಹಣ ಕೇಳುವ ಧೈರ್ಯವೂ ಬರುತ್ತದೆ. ಮುಪ್ಪಿನ ಸಿದ್ಧತೆಗೆ ನಮಗಿರುವ ಅವಧಿ ಎರಡು ದಶಕಗಳಷ್ಟು. ಇಂದು ಅಂಗನವಾಡಿ ಸೇರುವ ಮಗು ದುಡಿಮೆಗೆ ಬರಲೂ ಅಷ್ಟೇ ಕಾಲ ಬೇಕು. ಆದ್ದರಿಂದ ಈ ಕೆಲಸ ಮುಂದಿನ ಆಯವ್ಯಯದಿಂದಲೇ ಆರಂಭವಾಗಬೇಕು.